ಹೊಸ ಬ್ರೇಕ್ ಶೂ ಹಾಕಿದ ಮೇಲೂ ಜೀಪು ಎಡಕ್ಕೇಕೆ ಎಳೆಯುತ್ತದೆ?

ಪ್ರಶ್ನೆ: ಸಿದ್ದಾಪುರದ ಸಮೀಪ ನಮ್ಮ ಕಾಫಿ ತೋಟ. ಅಜ್ಜ ಕೊಂಡಿದ್ದ ಮಹೀಂದ್ರ ಸಿಜೆ-3ಬಿ ಜೀಪು ಇನ್ನೂ ಓಡುತ್ತಿದೆ. ಈಚೆಗೆ ನಾಲ್ಕೂ ಡ್ರಮ್‌ಗಳನ್ನು (ಚಕ್ರದ ಜೊತೆ ತಿರುಗುವ ಬ್ರೇಕ್ ಬಟ್ಟಲುಗಳು) ಲೇತ್‌ಗೆ ಹಾಕಿ ಒಳಮೈ ಕಡೆಸಿ, ಅವನ್ನು ಒಳಗಿನಿಂದ ಒತ್ತಿ ಹಿಡಿಯುವ ಹೊಸ ಬ್ರೇಕ್ ಶೂ ಕೂರಿಸಿದೆ. ಅಂದಿನಿಂದ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಪೆಡಲ್ ಮೊದಲ ಒತ್ತಿಗೆ ತುಂಬ ಕೆಳಗೆ ಹೋಗುತ್ತದೆ, ಎರಡನೆಯ ಒತ್ತಿಗೆ ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆ. ‘ಓಡಿಸುತ್ತ ಹೋದರೆ ತಾನೇ ಕೂರುತ್ತದೆ’ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಮುಂದಿನ ತಿಂಗಳು ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋಗಬೇಕು. ನಾನೇ ಬಿಚ್ಚಿ ಸರಿಪಡಿಸಬಹುದೇ? ಮನೆಯಲ್ಲಿರುವ ಹಳೆಯ ಅಂಬಾಸಿಡರ್‌ಗೂ ಇದೇ ಕ್ರಮವೇ?

ಉತ್ತರ: ಮೊದಲು ಒಂದು ವಿನಂತಿ. ಈ ಸ್ಥಿತಿಯಲ್ಲಿ ಜೀಪನ್ನು ಘಾಟಿಗೆ ಒಯ್ಯಬೇಡಿ. ‘ತಾನೇ ಕೂರುತ್ತದೆ’ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಹೊಸ ಲೈನಿಂಗ್ (ಶೂವಿನ ಮೈಮೇಲಿನ, ಡ್ರಮ್‌ಗೆ ಉಜ್ಜುವ ಪದರ) ಡ್ರಮ್‌ಗೆ ಒಗ್ಗಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕೇ ಬೇಕು. ಆದರೆ ಸರಿಯಾಗಿ ಕೂರಿಸಿದ ಶೂ ಮಾತ್ರ ಒಗ್ಗುತ್ತದೆ. ತಪ್ಪಾಗಿ ಕೂತದ್ದು ತಪ್ಪಾಗಿಯೇ ಸವೆಯುತ್ತದೆ, ಸವೆಯುವಷ್ಟು ಕಾಲವೂ ನಿಮ್ಮನ್ನು ಎಡಕ್ಕೆ ಎಳೆಯುತ್ತಲೇ ಇರುತ್ತದೆ. ಸಂಪಾಜೆಯ ತಿರುವುಗಳಲ್ಲಿ ಎಡಕ್ಕೆ ಎಳೆದರೆ ಚರಂಡಿ, ಬಲಕ್ಕೆ ಎಳೆದರೆ ಎದುರು ಬರುವ ಬಸ್ಸು.

ನೀವು ಹೇಳಿದ ಎರಡು ಲಕ್ಷಣಗಳು ಎರಡು ಬೇರೆ ಸುಳಿವುಗಳನ್ನು ಕೊಡುತ್ತವೆ. ಎರಡನೆಯ ಒತ್ತಿಗೆ ಪೆಡಲ್ ಮೇಲೆ ಬಂದು ಗಟ್ಟಿಯಾಗಿ ನಿಲ್ಲುತ್ತದೆ ಎಂದರೆ ಪೈಪಿನಲ್ಲಿ ಏರ್ ಇರುವ ಸಂಭವ ಕಡಿಮೆ. ಏರ್ ಇದ್ದರೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿರುತ್ತದೆ. ನಿಮ್ಮ ಜೀಪಿನಲ್ಲಿ ಶೂ ಮತ್ತು ಡ್ರಮ್ ನಡುವೆ ಅಂತರ ಹೆಚ್ಚಾಗಿದೆ. ಮೊದಲ ಒತ್ತು ಆ ಅಂತರ ತುಂಬುವುದರಲ್ಲೇ ಮುಗಿದುಹೋಗುತ್ತದೆ. ಎಡಕ್ಕೆ ಎಳೆಯುವುದೆಂದರೆ ಮುಂದಿನ ಎಡ ಚಕ್ರ ಬಲ ಚಕ್ರಕ್ಕಿಂತ ಗಟ್ಟಿಯಾಗಿ ಹಿಡಿಯುತ್ತಿದೆ. ಹೆಚ್ಚಿನವರು ಕೂಡಲೇ ಎಡ ಚಕ್ರ ಬಿಚ್ಚುತ್ತಾರೆ. ಅನೇಕ ಸಲ ದೋಷ ಇರುವುದು ಕೆಲಸ ಮಾಡದೆ ಕುಳಿತಿರುವ ಬಲ ಚಕ್ರದಲ್ಲಿ. ಎರಡನ್ನೂ ನೋಡಬೇಕು.

ನೀವೇ ಮಾಡಬಹುದೇ ಎಂದು ಕೇಳಿದ್ದೀರಿ. ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದರೆ, ಅವಸರ ಮಾಡದಿದ್ದರೆ, ಮುಂದಿನ ಎರಡು ಚಕ್ರಗಳನ್ನು ಖಂಡಿತ ಮಾಡಬಹುದು. ಹಿಂದಿನ ಹಬ್‌ಗಳು ಮೊನಚಾದ ಆಕ್ಸಲ್ ತುದಿಯ ಮೇಲೆ ಕೀಲಿ ಹಾಕಿ ಬಿಗಿದು ಕೂತಿರುತ್ತವೆ. ಅವನ್ನು ತೆಗೆಯಲು ಹಬ್ ಪುಲ್ಲರ್ ಬೇಕು. ಪುಲ್ಲರ್ ಇಲ್ಲದೆ ಸುತ್ತಿಗೆಯಿಂದ ಹೊಡೆದು ತೆಗೆಯಲು ಹೋದರೆ ಪೆಟ್ಟು ಬೇರಿಂಗ್‌ಗೂ ಆಕ್ಸಲ್‌ನ ಥ್ರೆಡ್‌ಗೂ ಬೀಳುತ್ತದೆ. ಹಿಂದಿನದನ್ನು ಪುಲ್ಲರ್ ಇರುವವರಿಗೇ ಬಿಡಿ.

ಕೆಲಸ ಮಾಡುವ ಜಾಗ ಬಹಳ ಮುಖ್ಯ. ಕೊಡಗಿನಲ್ಲಿ ಮನೆಯಂಗಳವೂ ಇಳಿಜಾರು, ಶೆಡ್ಡಿನ ಮುಂದೆಯೂ ಇಳಿಜಾರು. ನಿಮ್ಮ ತೋಟದಲ್ಲಿ ಸಿಮೆಂಟಿನ ಕಾಫಿ ಕಣ ಇದ್ದೇ ಇರುತ್ತದೆ; ಕಾಫಿ ಒಣಗಿಸುವ ಕಾಲವಲ್ಲದಿದ್ದರೆ ಅದರಷ್ಟು ಒಳ್ಳೆಯ ಸಮತಟ್ಟು ನೆಲ ಬೇರೆ ಸಿಗದು. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಿಮ್ಮ ಜೀಪಿನ ಹ್ಯಾಂಡ್ ಬ್ರೇಕ್. ಅದು ಹಿಂದಿನ ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಿಂಭಾಗದಲ್ಲಿರುವ ಬೇರೊಂದು ಡ್ರಮ್‌ನ ಮೂಲಕ, ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಜ್ಯಾಕ್‌ನಲ್ಲಿ ಎತ್ತಿದ ಕೂಡಲೇ ಡಿಫರೆನ್ಷಿಯಲ್ ತನ್ನ ಕೆಲಸ ಶುರುಮಾಡುತ್ತದೆ: ಶಾಫ್ಟ್ ನಿಂತಿದ್ದರೂ ಗಾಳಿಯಲ್ಲಿರುವ ಚಕ್ರ ಒಂದು ಕಡೆಗೆ ತಿರುಗಿದರೆ ನೆಲದ ಮೇಲಿನ ಚಕ್ರ ಇನ್ನೊಂದು ಕಡೆಗೆ ತಿರುಗಬಲ್ಲದು. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದಿದ್ದರೂ, ಗೇರಿನಲ್ಲಿ ನಿಲ್ಲಿಸಿದ್ದರೂ ಜೀಪು ಉರುಳುತ್ತದೆ. ಆದ್ದರಿಂದ ನೆಲದಲ್ಲಿರುವ ಚಕ್ರಗಳಿಗೆ ಹಿಂದೆ, ಮುಂದೆ ಎರಡೂ ಕಡೆ ಮರದ ಬೆಣೆ ಕೊಡಿ. ಎತ್ತಿದ ಆಕ್ಸಲ್‌ಗೆ ಸ್ಟ್ಯಾಂಡ್ ಕೊಡಿ. ಬರೀ ಜ್ಯಾಕ್ ಮೇಲೆ ನಿಂತಿರುವ ಗಾಡಿಯ ಬಳಿ ಕೂತು ಕೆಲಸ ಮಾಡಬೇಡಿ.

ಡ್ರಮ್ ತೆಗೆದಾಗ ಒಳಗಿನ ಕಪ್ಪು ಧೂಳನ್ನು ಬಾಯಿಂದ ಊದಬೇಡಿ, ಏರ್ ಪೈಪ್ ಹಿಡಿಯಲೇಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಆ ಧೂಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ಮೇಲೆ ಕಾಯಿಲೆಯಾಗಿ ಎದ್ದೇಳುತ್ತದೆ. ಮಾಸ್ಕ್ ಹಾಕಿಕೊಳ್ಳಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಒಂದು ಕಡೆ ಬಿಚ್ಚಿರುವಾಗ ಇನ್ನೊಂದು ಕಡೆಯನ್ನು ಮುಟ್ಟಬೇಡಿ. ಸ್ಪ್ರಿಂಗ್ ಯಾವ ತೂತಿನಲ್ಲಿತ್ತು ಎಂಬ ಸಂಶಯ ಬಂದೇ ಬರುತ್ತದೆ. ಆಗ ನೋಡಲು ಒಂದು ಮಾದರಿ ಬೇಕು. ಮೊಬೈಲ್‌ನಲ್ಲಿ ಫೋಟೋ ತೆಗೆದಿಡುವುದೂ ಒಳ್ಳೆಯದು. ಆದರೆ ನಿಮ್ಮ ಜೀಪಿನಲ್ಲಿ ಈಗ ಇರುವ ಜೋಡಣೆಯೇ ತಪ್ಪಿರಬಹುದು, ಅದನ್ನೇ ಕಣ್ಣು ಮುಚ್ಚಿ ಅನುಸರಿಸಬೇಡಿ.

ಈಗ ಶೂ ನೋಡಿ. ಈ ಜೀಪನ್ನು ಮೊದಲು ತಯಾರಿಸಿದ ಅಮೆರಿಕದ ವಿಲ್ಲಿಸ್ ಕಂಪನಿಯ ಹಳೆಯ ವಿನ್ಯಾಸದ 9 ಇಂಚಿನ ಬ್ರೇಕಿನಲ್ಲಿ ವೀಲ್ ಸಿಲಿಂಡರ್ (ಎಣ್ಣೆಯ ಒತ್ತಡದಿಂದ ಶೂಗಳನ್ನು ಡ್ರಮ್‌ನತ್ತ ತಳ್ಳುವ ಭಾಗ) ಮೇಲೆ ಇರುತ್ತದೆ, ಕೆಳಗೆ ಎರಡು ಶೂಗಳಿಗೂ ಪ್ರತ್ಯೇಕ ಆಂಕರ್ ಬೋಲ್ಟ್ (ಶೂವಿನ ಕೆಳತುದಿ ಊರಿ ನಿಲ್ಲುವ ಬೋಲ್ಟ್) ಇರುತ್ತದೆ. ಜೀಪು ಮುಂದಕ್ಕೆ ಓಡುವಾಗ ಮುಂಬದಿಯ ಶೂವನ್ನು ತಿರುಗುವ ಡ್ರಮ್ ತಾನೇ ತನ್ನೊಳಗೆ ಎಳೆದುಕೊಳ್ಳುತ್ತದೆ, ಹಿಂಬದಿಯ ಶೂವನ್ನು ದೂರಕ್ಕೆ ತಳ್ಳುತ್ತದೆ. ಹೆಚ್ಚಿನ ಕೆಲಸ ಮುಂಬದಿಯ ಶೂವಿನದು, ಸವೆತವೂ ಅದಕ್ಕೇ ಹೆಚ್ಚು. ಆದ್ದರಿಂದಲೇ ಅದಕ್ಕೆ ಉದ್ದನೆಯ ಲೈನಿಂಗ್ ಕೊಟ್ಟಿರುತ್ತಾರೆ, ಹಿಂಬದಿಯದಕ್ಕೆ ಗಿಡ್ಡದ್ದು. ಬಲಗಡೆಯ ಚಕ್ರದಲ್ಲಿ ಇವೆರಡು ಅದಲುಬದಲಾಗಿದ್ದರೆ ನಿಮ್ಮ ಜೀಪು ಎಡಕ್ಕೆ ಎಳೆಯುವುದಕ್ಕೆ ಅಷ್ಟೇ ಸಾಕು. ಅಂಗಡಿಯಲ್ಲಿ ಸಿಗುವ ಕೆಲವು ಸೆಟ್‌ಗಳಲ್ಲಿ ಎರಡೂ ಒಂದೇ ಉದ್ದವಿರುತ್ತವೆ, ಆಗ ಈ ಪ್ರಶ್ನೆಯೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಜೀಪುಗಳಿಗೆ ಮುಂದಿನ ತಲೆಮಾರಿನ ಆಕ್ಸಲ್, ದೊಡ್ಡ ಡ್ರಮ್ ಹಾಕಿಸಿಕೊಂಡವರು ಇದ್ದಾರೆ. ನಿಮ್ಮ ಬ್ಯಾಕ್ ಪ್ಲೇಟಿನ (ಶೂಗಳನ್ನು ಕೂರಿಸಿರುವ ತಟ್ಟೆ) ಕೆಳಭಾಗದಲ್ಲಿ ಆಂಕರ್ ಬೋಲ್ಟ್‌ಗಳ ಬದಲು ಎರಡು ಶೂಗಳನ್ನು ಜೋಡಿಸುವ ಹಲ್ಲಿನ ಚಕ್ರದ ಅಡ್ಜಸ್ಟರ್ ಇದ್ದು, ಮೇಲೆ ಒಂದೇ ಆಂಕರ್ ಪಿನ್ ಇದ್ದರೆ ಅದು ಬೇರೆ ಜಾತಿಯ ಬ್ರೇಕ್. ಅದರಲ್ಲಿ ಮುಂಬದಿಯ ಶೂ ತಾನು ಪಡೆದ ತಳ್ಳನ್ನು ಅಡ್ಜಸ್ಟರ್ ಮೂಲಕ ಹಿಂಬದಿಯ ಶೂವಿಗೆ ದಾಟಿಸುತ್ತದೆ, ದುಡಿಯುವುದು ಹಿಂಬದಿಯದು. ಆದ್ದರಿಂದ ಅಲ್ಲಿ ಗಿಡ್ಡ ಲೈನಿಂಗ್ ಮುಂದೆ, ಉದ್ದನೆಯದು ಹಿಂದೆ. ಒಂದು ಜಾತಿಯಲ್ಲಿ ಕೈ ಪಳಗಿದ ಮೆಕ್ಯಾನಿಕ್ ಇನ್ನೊಂದಕ್ಕೂ ಅದೇ ಲೆಕ್ಕ ಹಾಕಿದಾಗ ತಪ್ಪಾಗುತ್ತದೆ. ಯಾರು ಏನೇ ಹೇಳಲಿ, ಆಂಕರ್ ಎಲ್ಲಿದೆ ಎಂದು ನೋಡಿ ನಿರ್ಧರಿಸಿ.

ಇನ್ನು, ನಿಮ್ಮ ತೊಂದರೆಯ ಮೂಲ ಎಂದು ನನಗೆ ಬಲವಾಗಿ ಅನಿಸುವ ಸಂಗತಿ. ಡ್ರಮ್ ಲೇತ್‌ಗೆ ಹೋಗಿ ಬಂದಿದೆ ಎಂದಿರಿ. ಲೇತ್‌ನಲ್ಲಿ ತಿರುವಿದಾಗ ಡ್ರಮ್‌ನ ಒಳವ್ಯಾಸ ದೊಡ್ಡದಾಗುತ್ತದೆ. ಹೊಸ ಶೂ ಮಾತ್ರ ಮೂಲ ವ್ಯಾಸಕ್ಕೆ ತಕ್ಕ ಬಾಗಿನಲ್ಲೇ ಇರುತ್ತದೆ. ಆಗ ಶೂವಿನ ನಡುಭಾಗದ ಒಂದು ಪಟ್ಟಿ ಮಾತ್ರ ಡ್ರಮ್‌ಗೆ ತಾಗುತ್ತದೆ, ಎರಡು ತುದಿಗಳು ಗಾಳಿಯಲ್ಲಿರುತ್ತವೆ. ಅಷ್ಟು ಸಣ್ಣ ಪಟ್ಟಿ ಬೇಗ ಕಾಯುತ್ತದೆ, ಹೊಳಪು ಬಂದು ಗಾಜಿನಂತಾಗುತ್ತದೆ, ಆಮೇಲೆ ಹಿಡಿತವೇ ಇಲ್ಲ. ಎಡ ಡ್ರಮ್‌ನಿಂದ ಕಡಿಮೆ ಲೋಹ ತೆಗೆದು ಬಲ ಡ್ರಮ್‌ನಿಂದ ಹೆಚ್ಚು ತೆಗೆದಿದ್ದರೆ ಬಲದ ಶೂ ಇನ್ನೂ ಕಡಿಮೆ ತಾಗುತ್ತದೆ. ಒಂದು ಆಕ್ಸಲ್‌ನ ಎರಡೂ ಡ್ರಮ್‌ಗಳನ್ನು ಒಂದೇ ಅಳತೆಗೆ ತಿರುವಬೇಕು. ಈ ನಿಯಮವನ್ನು ಲೇತ್‌ನವರಿಗೆ ಹೇಳದೆ ಬಿಟ್ಟರೆ ಅವರು ಪ್ರತಿ ಡ್ರಮ್‌ನ ಗೆರೆ ಹೋಗುವಷ್ಟು ಮಾತ್ರ ತೆಗೆದು ಕೊಡುತ್ತಾರೆ. ಎಷ್ಟು ತೆಗೆಯಬಹುದು ಎಂಬುದಕ್ಕೂ ಮಿತಿಯಿದೆ. ಇಂಥ ಡ್ರಮ್‌ಗಳಿಗೆ ವ್ಯಾಸದಲ್ಲಿ ಮೂಲಕ್ಕಿಂತ 0.060 ಇಂಚು, ಅಂದರೆ ಸುಮಾರು 1.5 ಮಿಲಿಮೀಟರ್ ಸಾಮಾನ್ಯವಾಗಿ ಒಪ್ಪಿರುವ ಗಡಿ. ಅದನ್ನು ದಾಟಿದ ಡ್ರಮ್ ತೆಳ್ಳಗಾಗಿ ಬಿಸಿಗೆ ಬೇಗ ಹಿಗ್ಗುತ್ತದೆ, ಬಿರುಕೂ ಬಿಡಬಹುದು. ಅಂಥದ್ದನ್ನು ಗುಜರಿಗೆ ಹಾಕಿ.

ತಾಗುವಿಕೆ ನೋಡಲು ಶಾಲೆಯ ಸೀಮೆಸುಣ್ಣ ಸಾಕು. ಡ್ರಮ್‌ನ ಒಳಮೈಗೆ ಸುತ್ತಲೂ ಸೀಮೆಸುಣ್ಣ ಬಳಿಯಿರಿ. ಶೂವನ್ನು ಕೈಯಲ್ಲಿ ಹಿಡಿದು ಒಳಮೈಗೆ ಒತ್ತಿ, ಒಂದೆರಡು ಇಂಚು ಆಚೆ ಈಚೆ ಸರಿಸಿ. ಲೈನಿಂಗ್ ಮೇಲೆ ಬಿಳಿ ಎಲ್ಲಿ ಹತ್ತಿದೆಯೋ ಅಲ್ಲಿ ಮಾತ್ರ ತಾಗುತ್ತಿದೆ. ನಮಗೆ ಬೇಕಾದದ್ದು ನಡುವಿನಿಂದ ಎರಡೂ ಕಡೆಗೆ ಹರಡಿದ ಅಗಲವಾದ ಬಿಳಿ, ತುದಿಗಳಲ್ಲಿ ಮಾತ್ರ ಒಂದು ಹಾಳೆ ತೂರುವಷ್ಟು ಸಂದು. ತುದಿಗಳು ಮೊದಲು ತಾಗಿ ನಡು ಖಾಲಿ ಇದ್ದರೆ ಅದು ಇನ್ನೂ ಕೆಟ್ಟದ್ದು: ಆ ಚಕ್ರ ಥಟ್ಟನೆ ಕಚ್ಚಿಕೊಳ್ಳುತ್ತದೆ, ಕಿರುಚುತ್ತದೆ. ನಿಮ್ಮ ಎಡ ಚಕ್ರದಲ್ಲಿ ಹೀಗೆ ಆಗಿರಬಹುದೇ ಎಂದೂ ನೋಡಿ.

ಬಿಳಿ ಹತ್ತಿದ ಉಬ್ಬು ಭಾಗವನ್ನು ಉಪ್ಪುಕಾಗದದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಮತ್ತೆ ಸೀಮೆಸುಣ್ಣ ಬಳಿದು ನೋಡುತ್ತ ಹೋಗಬೇಕು. ಆಸ್ಬೆಸ್ಟಾಸ್ ಇಲ್ಲ ಎಂದು ಖಚಿತವಿರುವ ಹೊಸ ಲೈನಿಂಗ್ ಮಾತ್ರ ಹೀಗೆ ಉಜ್ಜಿ, ಅದೂ ಮಾಸ್ಕ್ ಹಾಕಿಕೊಂಡು. ಡ್ರಮ್ ತುಂಬ ದೊಡ್ಡದಾಗಿದ್ದರೆ ಕೈಯಲ್ಲಿ ಉಜ್ಜಿ ಮುಗಿಯುವ ಕೆಲಸವಲ್ಲ. ಆಗ ಶೂ ಮತ್ತು ಡ್ರಮ್ ಎರಡನ್ನೂ ಒಯ್ದು, ದಪ್ಪ ಲೈನಿಂಗ್ ಹೊಡೆಸಿ, ಆ ಡ್ರಮ್‌ನ ಅಳತೆಗೇ ಬಾಗು ಕೊಡಿಸಬೇಕು. ಹಿಂದೆ ಲೈನಿಂಗ್ ಹೊಡೆಯುವ ಅಂಗಡಿಗಳಲ್ಲಿ ಇದಕ್ಕೆಂದೇ ಗ್ರೈಂಡಿಂಗ್ ಯಂತ್ರ ಇರುತ್ತಿತ್ತು. ಈಗ ಹುಡುಕಬೇಕು, ಲಾರಿ ಬ್ರೇಕ್ ಕೆಲಸ ಮಾಡುವವರ ಬಳಿ ವಿಚಾರಿಸಿದರೆ ಸಿಗುವ ಸಾಧ್ಯತೆ ಹೆಚ್ಚು.

ಲೈನಿಂಗ್ ಹೊಡೆಸುವಾಗ ಎದುರಿಗೇ ನಿಂತು ನೋಡಿ. ರಿವೆಟ್‌ಗಳನ್ನು ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ ಹೊಡೆಯಬೇಕು. ತುದಿಗಳಿಂದ ಶುರುಮಾಡಿದರೆ ನಡುವೆ ಲೈನಿಂಗ್ ಉಬ್ಬಿ, ಶೂವಿನ ಕಬ್ಬಿಣಕ್ಕೂ ಅದಕ್ಕೂ ನಡುವೆ ಸಂದು ಉಳಿಯುತ್ತದೆ; ಒತ್ತಿದಾಗ ಅದು ಕುಗ್ಗುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ರಿವೆಟ್ ತಲೆಗಳು ಲೈನಿಂಗ್‌ನ ಮೈಗಿಂತ ಚೆನ್ನಾಗಿ ಒಳಗಿರಬೇಕು. ಮುಂದೆ ಸವೆದು ಹೋದಾಗಲೂ, ರಿವೆಟ್ ತಲೆಯ ಮೇಲೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಮಾತ್ರ ಉಳಿದಿದೆ ಎನ್ನುವಾಗಲೇ ಬದಲಾಯಿಸಿ. ಮಾರ್ಗದ ಕೆಂಪು ಕೆಸರೆಲ್ಲ ಡ್ರಮ್‌ನೊಳಗೆ ಹೋಗುವ ನಮ್ಮ ಊರಿನಲ್ಲಿ ಆ ಕೊನೆಯ ಪದರ ಎಣಿಸಿದ್ದಕ್ಕಿಂತ ಬೇಗ ಮುಗಿಯುತ್ತದೆ.

ಶೂ ಹೊರಗಿರುವಾಗ ವೀಲ್ ಸಿಲಿಂಡರ್‌ನ ರಬ್ಬರ್ ಹೊದಿಕೆ ಸರಿಸಿ ನೋಡಿ. ಒದ್ದೆ ಕಂಡರೆ ಒಳಗಿನ ಬಕೆಟ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಟ್ಟಲು) ಹೋಗಿದೆ. ಪಿಸ್ಟನ್ ಕೈಯಿಂದ ಒತ್ತಿದರೆ ಸರಾಗವಾಗಿ ಸರಿಯಬೇಕು. ಕಕ್ಕಡದ (ಜುಲೈ-ಆಗಸ್ಟ್‌ನ ಜಡಿಮಳೆಯ) ತಿಂಗಳಿಡೀ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಪಿಸ್ಟನ್ ತುಕ್ಕಿಗೆ ಅಂಟಿಕೊಂಡಿರುವುದು ಸಾಮಾನ್ಯ. ಒಂದು ಪಿಸ್ಟನ್ ಅಂಟಿದರೆ ಆ ಬದಿಯ ಶೂ ಅಲಂಕಾರಕ್ಕಷ್ಟೇ. ಸಿಲಿಂಡರ್‌ನ ಒಳಗೆ ಕುಳಿ ಬಿದ್ದಿದ್ದರೆ ಹೊಸದು ಹಾಕಿ. ಬಕೆಟ್‌ಗಳನ್ನು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆಯುವ ಕೆಟ್ಟ ಅಭ್ಯಾಸ ಇನ್ನೂ ಇದೆ. ಆ ರಬ್ಬರ್ ಖನಿಜ ಎಣ್ಣೆ ತಾಗಿದರೆ ಊದಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಸ್ಪಿರಿಟ್ ಅಥವಾ ಹೊಸ ಬ್ರೇಕ್ ಎಣ್ಣೆ ಬಿಟ್ಟು ಬೇರೇನೂ ಮುಟ್ಟಿಸಬೇಡಿ. ಡ್ರಮ್ ಹೊರಗಿರುವಾಗ ಮನೆಯ ಮಕ್ಕಳು ಸೀಟಿಗೆ ಹತ್ತಿ ಪೆಡಲ್ ಒತ್ತದಂತೆ ನೋಡಿಕೊಳ್ಳಿ; ಪಿಸ್ಟನ್ ಹೊರಗೆ ಹಾರಿ ಎಣ್ಣೆಯೆಲ್ಲ ಹೊಸ ಲೈನಿಂಗ್ ಮೇಲೆ ಚೆಲ್ಲುತ್ತದೆ.

ಎಣ್ಣೆ ಅಥವಾ ಗ್ರೀಸ್ ಕುಡಿದ ಲೈನಿಂಗ್ ಬಗ್ಗೆ ರಾಜಿ ಬೇಡ. ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಮೇಲ್ಮೈ ಒಣಗುತ್ತದೆ ನಿಜ, ಮೊದಲ ಇಳಿಜಾರಿನ ಬಿಸಿಗೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಎರಡೂ ಕಡೆಯ ಶೂ ಬದಲಾಯಿಸಿ, ಸೋರಿದ ಸೀಲನ್ನೂ ಬದಲಾಯಿಸಿ. ಸ್ವಲ್ಪವೇ ಗ್ರೀಸ್ ತಾಗಿದ ಲೈನಿಂಗ್ ಜಾರುವ ಬದಲು ಥಟ್ಟನೆ ಕಚ್ಚುವುದೂ ಉಂಟು, ಆದ್ದರಿಂದ ಎಳೆಯುವ ಬದಿಯಲ್ಲೂ ಕಲೆ ಇದೆಯೇ ಎಂದು ಹುಡುಕಿ.

ಬ್ಯಾಕ್ ಪ್ಲೇಟಿನ ಮೇಲೆ ಶೂವಿನ ಅಂಚು ಒರಗಿಕೊಳ್ಳುವ ಸಣ್ಣ ದಿಣ್ಣೆಗಳಿವೆ. ವರ್ಷಗಟ್ಟಲೆ ಉಜ್ಜಿ ಅವುಗಳಲ್ಲಿ ಗೀರು ಬಿದ್ದಿದ್ದರೆ ಶೂ ಅಲ್ಲಿ ಸಿಕ್ಕಿಕೊಂಡು ಹಿಂದಿರುಗುವುದಿಲ್ಲ. ಅರದಿಂದ ನಯಮಾಡಿ, ಬಿಸಿ ತಡೆಯುವ ಬ್ರೇಕ್ ಗ್ರೀಸನ್ನು ಬೆರಳಿಗೆ ಕಾಣುವಷ್ಟೇ ಹಚ್ಚಿ. ಬೇರಿಂಗ್ ಗ್ರೀಸ್ ಇಲ್ಲಿ ಬೇಡ, ಕರಗಿ ಲೈನಿಂಗ್‌ಗೆ ಇಳಿಯುತ್ತದೆ. ಸ್ಪ್ರಿಂಗ್ ಹಳೆಯದಾಗಿ ಸುರುಳಿಗಳ ನಡುವೆ ಸಂದು ಬಿಟ್ಟಿದ್ದರೆ ಹೊಸದು ಹಾಕಿ.

ಈಗ ಅಡ್ಜಸ್ಟ್‌ಮೆಂಟ್. ಹೆಚ್ಚಿನ ಗ್ಯಾರೇಜುಗಳಲ್ಲಿ ಅರ್ಧಕ್ಕೇ ಬಿಟ್ಟುಬಿಡುವ ಕೆಲಸ ಇದು. ಈ ಬ್ರೇಕಿನಲ್ಲಿ ಪ್ರತಿ ಶೂವಿಗೆ ಎರಡು ಅಡ್ಜಸ್ಟ್‌ಮೆಂಟ್ ಇವೆ: ಮೇಲೆ ಕ್ಯಾಮ್ (ತಿರುಗಿಸಿದರೆ ಶೂವನ್ನು ಡ್ರಮ್‌ನತ್ತ ತಳ್ಳುವ ಬಿಲ್ಲೆ), ಕೆಳಗೆ ಆಂಕರ್ ಬೋಲ್ಟ್. ಆಂಕರ್ ಬೋಲ್ಟ್‌ನ ನಡುಭಾಗ ಕೇಂದ್ರದಿಂದ ಸರಿದಂತೆ ಕಡೆದಿರುವುದರಿಂದ ಅದನ್ನು ತಿರುಗಿಸಿದರೆ ಶೂವಿನ ಕೆಳತುದಿ ಡ್ರಮ್‌ನ ಹತ್ತಿರಕ್ಕೋ ದೂರಕ್ಕೋ ಸರಿಯುತ್ತದೆ. ದಿನನಿತ್ಯದ ಸವೆತಕ್ಕೆ ಮೇಲಿನ ಕ್ಯಾಮ್ ಸಾಕು. ಹೊಸ ಶೂ ಹಾಕಿದಾಗ, ಡ್ರಮ್ ತಿರುವಿದಾಗ, ಆಂಕರನ್ನೂ ಹೊಂದಿಸಲೇಬೇಕು. ವಿಲ್ಲಿಸ್ ಕೈಪಿಡಿಯ ಅಳತೆ ಆಂಕರ್ ಬದಿಯಲ್ಲಿ 0.005 ಇಂಚು, ಸಿಲಿಂಡರ್ ಬದಿಯಲ್ಲಿ 0.008 ಇಂಚು, ಲೇತ್‌ನವರ ಮಾತಿನಲ್ಲಿ 5 ಥೌ, 8 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ). ಡ್ರಮ್‌ನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸುವ ಕಿಂಡಿ ಇದ್ದರೆ ಅಳೆದೇ ಇಡಿ.

ಕಿಂಡಿ ಇಲ್ಲದಿದ್ದರೆ ಹೀಗೆ ಮಾಡಿ. ಡ್ರಮ್ ಹಾಕಿ, ಚಕ್ರ ಕೂರಿಸಿ, ಆಂಕರ್ ನಟ್‌ಗಳನ್ನು ಬೋಲ್ಟ್ ತಿರುಗುವಷ್ಟು ಮಾತ್ರ ಸಡಿಲಿಸಿ. ಒಂದು ಶೂವಿನ ಕ್ಯಾಮನ್ನು ಚಕ್ರ ಉಜ್ಜುವವರೆಗೆ ತಿರುಗಿಸಿ. ಆಮೇಲೆ ಅದರ ಆಂಕರನ್ನು ಉಜ್ಜುವಿಕೆ ಬಿಡುವ ಕಡೆಗೆ ತಿರುಗಿಸಿ. ಚಕ್ರ ಸಡಿಲವಾದರೆ ಮತ್ತೆ ಕ್ಯಾಮ್, ಮತ್ತೆ ಆಂಕರ್. ಆಂಕರನ್ನು ಎತ್ತ ತಿರುಗಿಸಿದರೂ ಉಜ್ಜುವಿಕೆ ಬಿಡುವುದಿಲ್ಲ ಎಂಬ ಒಂದು ಹಂತ ಬರುತ್ತದೆ. ಆಗ ಶೂ ಮೇಲಿನಿಂದ ಕೆಳಗಿನವರೆಗೆ ಸಮವಾಗಿ ತಾಗಿದೆ. ಅಲ್ಲಿ ಆಂಕರ್ ತಿರುಗದಂತೆ ಹಿಡಿದುಕೊಂಡು ನಟ್ ಬಿಗಿಯಿರಿ, ಕ್ಯಾಮನ್ನು ಚಕ್ರ ಸ್ವತಂತ್ರವಾಗಿ ತಿರುಗುವಷ್ಟು ಹಿಂದಕ್ಕೆ ಬಿಡಿ. ಎರಡನೆಯ ಶೂವಿಗೂ ಇದೇ. ಮುಗಿದ ಮೇಲೆ ಪೆಡಲನ್ನು ಬಲವಾಗಿ ಕೆಲವು ಸಲ ಒತ್ತಿ, ಮತ್ತೊಮ್ಮೆ ಚಕ್ರ ತಿರುಗಿಸಿ ನೋಡಿ. ಇಷ್ಟಾದರೆ ನಿಮ್ಮ ಪೆಡಲ್ ಮೊದಲ ಒತ್ತಿಗೇ ನಿಲ್ಲಬೇಕು.

ನಿಲ್ಲದಿದ್ದರೆ ಏರ್ ತೆಗೆಯಿರಿ, ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತಿದಾಗ ಪೈಪುಗಳಿಗೆ ಎಣ್ಣೆ ತಳ್ಳುವ ಭಾಗ) ಅತಿ ದೂರದ ಚಕ್ರದಿಂದ ಶುರುಮಾಡಿ. ಹೊಸದಾಗಿ ತೆರೆದ ಡಬ್ಬಿಯ ಎಣ್ಣೆಯನ್ನೇ ಬಳಸಿ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ, ಕೊಡಗಿನ ಜುಲೈಯಲ್ಲಿ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ತೇವ ಸೇರಿದ ಎಣ್ಣೆ ಘಾಟಿಯ ಬಿಸಿಗೆ ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ಬದಲಾಯಿಸಿ. ಪೆಡಲ್‌ನಲ್ಲಿ ಮೊದಲ ಅರ್ಧ ಇಂಚು ಖಾಲಿ ಆಟ ಇರಬೇಕೆಂಬುದನ್ನೂ ಮರೆಯಬೇಡಿ. ಅದಿಲ್ಲದಿದ್ದರೆ ಮಾಸ್ಟರ್ ಸಿಲಿಂಡರ್‌ನ ಸಣ್ಣ ರಂಧ್ರ ಮುಚ್ಚಿಕೊಂಡೇ ಇದ್ದು, ಬಿಸಿಯಾದ ಎಣ್ಣೆ ಹಿಂದಿರುಗಲಾರದೆ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ. ಈ ಜೀಪಿನಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಸರ್ಕ್ಯೂಟ್. ಎಲ್ಲಿ ಸೋರಿದರೂ ನಾಲ್ಕೂ ಹೋದಂತೆ. ಪೈಪು, ಹೋಸ್‌ಗಳನ್ನು ಇದೇ ನೆಪದಲ್ಲಿ ನೋಡಿಬಿಡಿ.

ಅಂಬಾಸಿಡರ್ ವಿಷಯ. ಹಳೆಯ ಅಂಬಾಸಿಡರ್‌ನ ಮುಂದಿನ ಡ್ರಮ್ ಬಿಚ್ಚಿದರೆ ಎರಡು ವೀಲ್ ಸಿಲಿಂಡರ್ ಕಾಣುತ್ತವೆ. ಅಲ್ಲಿ ಎರಡೂ ಶೂಗಳನ್ನು ಡ್ರಮ್ ತನ್ನೊಳಗೆ ಎಳೆದುಕೊಳ್ಳುತ್ತದೆ, ಆದ್ದರಿಂದ ಮುಂದಕ್ಕೆ ಓಡುವಾಗ ಹಿಡಿತ ಬಹಳ ಚೆನ್ನಾಗಿರುತ್ತದೆ. ಹಿಂದಕ್ಕೆ ಉರುಳುವಾಗ ಲೆಕ್ಕ ತಲೆಕೆಳಗು: ಎರಡನ್ನೂ ಡ್ರಮ್ ದೂರ ತಳ್ಳುತ್ತದೆ. ಏರುದಾರಿಯಲ್ಲಿ ನಿಂತ ಅಂಬಾಸಿಡರ್ ಹಿಂದಕ್ಕೆ ಜಾರುವಾಗ ಕಾಲಿನ ಬ್ರೇಕ್ ದುರ್ಬಲವೆನಿಸುವುದು ದೋಷವಲ್ಲ, ಅದರ ವಿನ್ಯಾಸವೇ ಹಾಗೆ. ಹ್ಯಾಂಡ್ ಬ್ರೇಕನ್ನು ಜೊತೆಗೆ ಎಳೆಯಿರಿ. ಬ್ಯಾಕ್ ಪ್ಲೇಟ್‌ಗಳು ಎಡಬಲ ಅದಲುಬದಲಾದರೆ ಮುಂದಕ್ಕೆ ಓಡುವಾಗಲೂ ಇದೇ ಗತಿ. ಅಡ್ಜಸ್ಟರ್‌ಗಳು ಅಲ್ಲಿ ಸುಲಭ: ಚಕ್ರ ಹಿಡಿಯುವವರೆಗೆ ಬಿಗಿದು, ಒಂದು ಹಲ್ಲು ಹಿಂದಕ್ಕೆ ಬಿಡಬೇಕು. ಅದರ ಹ್ಯಾಂಡ್ ಬ್ರೇಕ್ ಹಿಂದಿನ ಶೂಗಳನ್ನೇ ಎಳೆಯುವುದರಿಂದ, ಹಿಂದಿನ ಚಕ್ರ ಹೊಂದಿಸುವ ಮೊದಲು ಕೇಬಲ್ ಸಡಿಲಿಸಿ, ಶೂ ಹೊಂದಿಸಿದ ಮೇಲೆಯೇ ಕೇಬಲ್ ಬಿಗಿಯಿರಿ. ಸೀಮೆಸುಣ್ಣದ ಪರೀಕ್ಷೆ, ಧೂಳಿನ ಎಚ್ಚರ, ರಬ್ಬರಿನ ಮಾತು ಎರಡಕ್ಕೂ ಒಂದೇ.

ಸುಳ್ಯಕ್ಕೆ ಹೊರಡುವ ಮೊದಲು ಜೀಪನ್ನು ಸಮತಟ್ಟು ದಾರಿಯಲ್ಲಿ ಪಳಗಿಸಬೇಕು. ಕುಶಾಲನಗರದ ಆಚೆಯ ಬಯಲು ದಾರಿ ಇದಕ್ಕೆ ಒಳ್ಳೆಯದು. 50 ಕಿಲೋಮೀಟರ್ ವೇಗದಿಂದ 15ಕ್ಕೆ ಮೆಲ್ಲಗೆ ಇಳಿಸಿ, ಬ್ರೇಕ್ ಬಿಟ್ಟು ಸ್ವಲ್ಪ ದೂರ ಓಡಿಸಿ ತಣಿಸಿ, ಮತ್ತೆ ಇಳಿಸಿ. ಹಿಂದೆ ಗಾಡಿ ಇಲ್ಲದಾಗ ಮಾತ್ರ ಮಾಡಿ. ಹತ್ತಾರು ಸಲ ಆದ ಮೇಲೆ ನಿಲ್ಲಿಸಿ, ನಾಲ್ಕೂ ಡ್ರಮ್‌ಗಳ ಹತ್ತಿರ ಅಂಗೈ ಒಯ್ಯಿರಿ; ಮುಟ್ಟಬೇಡಿ, ಬಿಸಿ ತಿಳಿದರೆ ಸಾಕು. ಮುಂದಿನ ಎರಡೂ ಒಂದೇ ಸಮ ಬಿಸಿ ಇರಬೇಕು. ಒಂದು ಮಾತ್ರ ಸುಡುತ್ತಿದ್ದರೆ ಆ ಶೂ ಬಿಡುತ್ತಿಲ್ಲ, ಒಂದು ಮಾತ್ರ ತಣ್ಣಗಿದ್ದರೆ ಅದು ಹಿಡಿಯುತ್ತಿಲ್ಲ. 300 ಕಿಲೋಮೀಟರ್ ಸುಮಾರಿಗೆ ಮೇಲಿನ ಕ್ಯಾಮ್‌ಗಳನ್ನು ಮತ್ತೊಮ್ಮೆ ಹೊಂದಿಸಿ. ಘಾಟಿಯಲ್ಲಿ ಮಡಿಕೇರಿ ಬಿಟ್ಟಾಗಿನಿಂದಲೇ ಎರಡನೆಯ ಗೇರು, ಕಡಿದಾದ ಕಡೆ ಮೊದಲನೆಯದು. ಬ್ರೇಕನ್ನು ತಿರುವಿಗೆ ಮೊದಲು ಒತ್ತಿ ಬಿಡಬೇಕು, ಉದ್ದಕ್ಕೂ ಒತ್ತಿ ಹಿಡಿಯಬಾರದು. ಇಳಿಯುವಾಗ ಪೆಡಲ್ ಉದ್ದವಾಗುತ್ತ ಬಂದರೆ ಡ್ರಮ್ ಬಿಸಿಗೆ ಹಿಗ್ಗಿದೆ ಎಂದು ಅರ್ಥ. ಬದಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತಣಿಯಲು ಅರ್ಧ ಗಂಟೆ ಕೊಡಿ. ಬಿಸಿ ಡ್ರಮ್‌ಗೆ ನೀರು ಸುರಿಯಬೇಡಿ, ಎರಕದ ಕಬ್ಬಿಣ ಬಿರಿಯುತ್ತದೆ.